ಚಿಕ್ಕ ಪೆಟ್ಟಿಗೆಯಲ್ಲಿ ಕೂರಿಸಿದ ಕಣ್ಣು

"ಗುರುಗಳೇ, ಮಸುಕಾಗಿ ಕಂಡದ್ದನ್ನು ಸ್ಪಷ್ಟ ಮಾಡಿಕೊಳ್ಳಬೇಕೆಂದು ಬಯಸುವುದು ತಪ್ಪೇ?"

ಕೇಳಿದವನು ನಿರುಪಾಧಿ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ದಿನವೂ ಕಣ್ಣು ಮುಚ್ಚಿ ಕುಳಿತಿದ್ದ. ಆ ಒಂಬತ್ತು ವರ್ಷಗಳಲ್ಲಿ ಒಂದೇ ಒಂದು ಸಲ, ಮಂಜಿನ ಆಚೆ ಯಾರೋ ನಿಂತಂತೆ, ಏನೋ ಕಂಡಿತ್ತು. ಅದು ಏನೆಂದು ಅವನಿಗೆ ತಿಳಿಯಲಿಲ್ಲ. ಮತ್ತೆ ಅದು ಕಾಣಲೂ ಇಲ್ಲ. ಹೊಳೆಯಾಚೆಯ ಊರಿಗೆ ಹೊಸದಾಗಿ ಬಂದು ನೆಲೆಸಿದ ಸಾಧಕರೊಬ್ಬರು ಅಂಥದ್ದನ್ನು ಇಪ್ಪತ್ತೊಂದು ದಿನಗಳಲ್ಲಿ ಅಂಗೈಯ ಗೆರೆಯಷ್ಟು ಸ್ಪಷ್ಟವಾಗಿ ತೋರಿಸುತ್ತಾರೆಂಬ ಸುದ್ದಿ ಬಂದಿತ್ತು. ನಿರುಪಾಧಿ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಅಪ್ಪಣೆಯೊಂದು ಬಾಕಿಯಿತ್ತು.

ಗುರುಗಳು ಗಂಟನ್ನು ನೋಡಿದರು.

"ದೋಣಿ ಎಷ್ಟು ಹೊತ್ತಿಗೆ?"

"ಮಧ್ಯಾಹ್ನಕ್ಕೆ, ಗುರುಗಳೇ."

"ಹಾಗಾದರೆ ಒಂದು ಕತೆಗೆ ಹೊತ್ತಿದೆ. ಗಂಟು ಬಿಚ್ಚಬೇಡ. ಪಕ್ಕದಲ್ಲಿ ಇಟ್ಟುಕೊಂಡು ಕುಳಿತುಕೋ."

ನಿರುಪಾಧಿ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಫೋಟೊ ತಿದ್ದುವವನೊಬ್ಬನಿದ್ದ. ತೀರಿಕೊಂಡವರ ಹಳೆಯ ಚಿತ್ರಗಳನ್ನು ಜನ ಅವನ ಬಳಿಗೆ ತರುತ್ತಿದ್ದರು. ನೀರು ಬಿದ್ದದ್ದು, ಗೆದ್ದಲು ತಿಂದದ್ದು, ಮಡಚಿ ಮಡಚಿ ಮುಖದ ನಡುವೆಯೇ ಗೆರೆ ಒಡೆದದ್ದು. ಅವನು ಅವನ್ನು ಹಿಗ್ಗಿಸಿ, ದೊಡ್ಡ ಹಾಳೆಗೆ ಇಳಿಸಿ, ಅಳಿದ ಕಡೆ ಸಣ್ಣ ಕುಂಚದಿಂದ ತುಂಬಿ, ಕಟ್ಟು ಹಾಕಿಸಿ ಕೊಡುತ್ತಿದ್ದ.

ಈ ಕೆಲಸಕ್ಕೆ ಅವನ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು. ತೀರಿಕೊಂಡವರನ್ನು ಕಣ್ಣಾರೆ ಕಂಡವರೊಬ್ಬರು ಎದುರಿಗೆ ಕೂರಬೇಕು. ಅವರು ಹೇಳಬೇಕು, ಇವನು ಬರೆಯಬೇಕು. ಅವರು ಮರೆತಿದ್ದೇನೆಂದ ಕಡೆ ಹಾಳೆಯನ್ನು ಬರಿದಾಗಿಯೇ ಬಿಡಬೇಕು. ಎಲ್ಲ ಮುಗಿದ ಮೇಲೆ, ಕಣ್ಣಿನ ಕರಿಯ ಪಾಪೆಯೊಳಗೆ ಎಳ್ಳಿಗಿಂತ ಚಿಕ್ಕದಾದ ಒಂದು ಬಿಳಿಯ ಚುಕ್ಕೆಯನ್ನು ಇಡುವುದಿತ್ತು. ಅದನ್ನು ಇಟ್ಟ ಕ್ಷಣ ಚಿತ್ರ ನೋಡತೊಡಗುತ್ತದೆ. ಎದುರಿಗೆ ಕುಳಿತವರು "ಹೌದು, ಇವರೇ" ಎಂದ ಮೇಲೆಯೇ ಆ ಚುಕ್ಕೆ ಬೀಳಬೇಕು. ಕಂಡವರು ಯಾರೂ ಉಳಿದಿಲ್ಲವಾದರೆ ಅದನ್ನು ಇಡಲೇಬಾರದು. ಹೀಗೆ ಚುಕ್ಕೆಯಿಲ್ಲದೆ ಉಳಿದ ಚಿತ್ರಗಳು ಆ ಊರಿನ ಕೆಲವು ಮನೆಗಳಲ್ಲಿದ್ದವು. ಅವು ಯಾರನ್ನೂ ನೋಡುತ್ತಿರಲಿಲ್ಲ. ಅದನ್ನು ಯಾರೂ ಕೊರತೆಯೆಂದು ಎಣಿಸಿರಲೂ ಇಲ್ಲ.

ಊರಿನ ಸತ್ತವರಲ್ಲಿ ಎಷ್ಟೋ ಜನ ತಿದ್ದುವವನ ಕೈಯಿಂದ ಕಣ್ಣು ತೆರೆದಿದ್ದರು. ಅವನ ಮನೆಯ ಗೋಡೆಯ ಮೇಲೆ ಮಾತ್ರ ಒಂದು ಬರಿಯ ಕಟ್ಟು ತೂಗುತ್ತಿತ್ತು. ಅದು ಅವನ ತಾಯಿಗಾಗಿ ಕಾದಿದ್ದ ಕಟ್ಟು.

ಅವನಿಗೆ ಹೆಜ್ಜೆ ಬರುವ ಮುನ್ನವೇ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ತಾಯಿ ಹೋಗಿದ್ದಳು. ಆಕೆಯದೆಂದು ಉಳಿದದ್ದು ಒಂದೇ ಫೋಟೊ. ಅದರಲ್ಲಿ ಮುಖವಿದ್ದ ಕಡೆ ಬೆಳ್ಳನೆಯ ಮಚ್ಚೆ. ಬಾಯಿಯಿದ್ದ ಕಡೆ ಗೆದ್ದಲು ಕೊರೆದ ತೂತು. ಸ್ಕ್ಯಾನ್ ಮಾಡಿ ಕಂಪ್ಯೂಟರಿನ ಡಿಸ್ಕಿಗೆ ಇಳಿಸಿಕೊಂಡ ದಿನವೇ ಆ ಕಾಗದ ಅವನ ಕೈಯಲ್ಲಿ ಹುಡಿಯಾಗಿ ಉದುರಿತ್ತು. ಆಕೆಯನ್ನು ಕಂಡವರಲ್ಲಿ ಬದುಕಿದ್ದವಳು ಆಕೆಯ ಅಕ್ಕ ಒಬ್ಬಳೇ. ಆ ದೊಡ್ಡಮ್ಮನೇ ಅವನನ್ನು ಸಾಕಿದವಳು.

ಪ್ರತಿವರ್ಷ ತಾಯಿಯ ತಿಥಿಯ ಹಿಂದಿನ ವಾರ ದೊಡ್ಡಮ್ಮ ಹಾಳೆಯ ಎದುರಿಗೆ ಕೂರುತ್ತಿದ್ದಳು. ಅವನು ಬರೆಯುತ್ತಿದ್ದ.

"ಒರೆಸು" ಎನ್ನುತ್ತಿದ್ದಳು ಆಕೆ. "ನಿಮ್ಮಮ್ಮನ ಹಣೆಯೇನು ರಾಗಿಯ ಹೊಲವೇ, ಇಷ್ಟು ಅಗಲ ಮಾಡಿದ್ದೀಯ? ಒರೆಸು."

ಅವನು ಒರೆಸುತ್ತಿದ್ದ. ಒಂಬತ್ತು ವರ್ಷಗಳಲ್ಲಿ ಹಣೆ ಬಂತು, ಒಂದು ಕಿವಿ ಬಂತು, ಎಡಗೆನ್ನೆಯ ಇಳಿಜಾರು ಬಂತು. ಉಳಿದದ್ದು ಬರಿಯ ಹಾಳೆ.

ಒಂಬತ್ತು ವರ್ಷ ಎಂದಾಗ ನಿರುಪಾಧಿ ತಲೆ ಎತ್ತಿದ. ಗುರುಗಳು ಅವನ ಕಡೆ ನೋಡದೆ ಮುಂದುವರಿಸಿದರು.

ಹತ್ತನೆಯ ವರ್ಷ ದೊಡ್ಡಮ್ಮನಿಗೆ ಮರೆವು ಹತ್ತಿತು. ಮಾಡಿದ ಸಾರಿಗೇ ಮತ್ತೆ ಉಪ್ಪು ಹಾಕುತ್ತಿದ್ದಳು. ಅವನನ್ನು ಒಮ್ಮೊಮ್ಮೆ ಸತ್ತುಹೋದ ತನ್ನ ತಮ್ಮನ ಹೆಸರಿನಿಂದ ಕರೆಯುತ್ತಿದ್ದಳು. ತಿದ್ದುವವನಿಗೆ ಭಯವಾಯಿತು. ಆಕೆಯ ನೆನಪಿನ ಜೊತೆಗೆ ತಾಯಿಯ ಮುಖವೂ ಹೋಗಿಬಿಟ್ಟರೆ, 'ಹೌದು' ಎನ್ನುವವರು ಲೋಕದಲ್ಲಿ ಒಬ್ಬರೂ ಉಳಿಯುವುದಿಲ್ಲ. ಗೋಡೆಯ ಕಟ್ಟು ಎಂದೆಂದಿಗೂ ಬರಿದಾಗಿಯೇ ಉಳಿಯುತ್ತದೆ.

ಆ ಸಮಯಕ್ಕೆ ಸರಿಯಾಗಿ ಒಂದು ಪ್ರೋಗ್ರಾಮಿನ ಸುದ್ದಿ ಅವನ ಕಿವಿಗೆ ಬಿತ್ತು. ಎಷ್ಟೇ ಅಳಿದ ಚಿತ್ರವಾಗಲಿ, ಅದು ಮುಖವನ್ನು ತಾನೇ ಎತ್ತಿಕೊಡುತ್ತದಂತೆ. ಅವನು ಅದನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡ. ಯಾರಿಂದಲೂ ಗುರುತು ಹಿಡಿಯಲಾಗದೆ ಅಂಗಡಿಯಲ್ಲೇ ಉಳಿದಿದ್ದ ಹನ್ನೆರಡು ಮನೆಗಳ ಚಿತ್ರಗಳ ಹೆಸರನ್ನು ಅದರ ಪಟ್ಟಿಗೆ ಏರಿಸಿದ. ಹದಿಮೂರನೆಯದಾಗಿ ತಾಯಿಯದನ್ನು ಏರಿಸಿದ. ಆದರೆ ಪ್ರೋಗ್ರಾಮ್ ಓಡಲಿಲ್ಲ. ಈ ಯಂತ್ರಕ್ಕೆ ಅಷ್ಟು ಶಕ್ತಿಯಿಲ್ಲ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದಿತು.

ಅವನ ಕಂಪ್ಯೂಟರ್ ಕಂಪನಿಯವರೇ ಜೋಡಿಸಿ, ಮುಚ್ಚಿ ಕಳುಹಿಸಿದ್ದು. ಎರಡು ದಪ್ಪ ಪುಸ್ತಕಗಳನ್ನು ಒತ್ತಿ ನಿಲ್ಲಿಸಿದಷ್ಟು ಚಿಕ್ಕ ಪೆಟ್ಟಿಗೆ. ಅದನ್ನು ಕಂಕುಳಲ್ಲಿ ಇರುಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದ.

ಅಂಗಡಿಯವನು ಮುಚ್ಚಳ ಬಿಚ್ಚಿ ನಕ್ಕ.

"ಅಣ್ಣಾ, ಇದು ಕಂಪ್ಯೂಟರೋ, ಗಂಡನ ಮನೆಗೆ ಹೊರಟ ಮದುಮಗಳ ಟ್ರಂಕೋ? ಒಂದು ಕರವಸ್ತ್ರಕ್ಕೂ ಜಾಗವಿಲ್ಲವಲ್ಲ!"

ಅವನು ಅಳತೆಪಟ್ಟಿ ಹಿಡಿದು ನೋಡಿದ. ದೊಡ್ಡ ಕಾರ್ಡು ಕೂರುವ ಮಾತೇ ಇರಲಿಲ್ಲ. ಅರ್ಧ ಎತ್ತರದ್ದೊಂದು ಹುಡುಕಿ ತಂದ. ಈ ಪೆಟ್ಟಿಗೆಯ ಪವರ್ ಸಪ್ಲೈ ಬಡಪಾಯಿ, ಆದ್ದರಿಂದ ಬೇರೆ ವೈರು ಬೇಡದ ಕಾರ್ಡನ್ನೇ ಆರಿಸಿದ್ದೇನೆ ಎಂದ. ಅದರ ಉದ್ದನೆಯ ಲೋಹದ ಪಟ್ಟಿಯನ್ನು ಕಳಚಿ ಗಿಡ್ಡ ಪಟ್ಟಿ ಹಾಕಿದ. ಆದರೂ ಕಾರ್ಡಿನ ಬಾಲ ಒಂದು ತಗಡಿನ ತಟ್ಟೆಗೆ ತಾಗಿತು. ತಟ್ಟೆಯಲ್ಲಿ ಒಂದು ಡಿಸ್ಕ್ ಇತ್ತು.

"ಇದನ್ನು ತೆಗೆದರೆ ಕಾರ್ಡು ಕೂರುತ್ತದೆ. ಯಂತ್ರ ಓಡುವುದಕ್ಕೆ ಬೋರ್ಡಿನ ಮೇಲೆ ಬೇರೆ ಚಿಕ್ಕ ಡಿಸ್ಕ್ ಇದೆ. ಇದರಲ್ಲಿ ಏನಿಟ್ಟಿದ್ದೀರಿ?"

"ಹಳೆಯ ಚಿತ್ರಗಳು."

"ಹಾಗಾದರೆ ನಾಳೆ ಬನ್ನಿ. ಇದನ್ನು ಹೊರಗಿನಿಂದ ಜೋಡಿಸುವ ಡಬ್ಬಿ ತರಿಸಿಕೊಡುತ್ತೇನೆ."

"ನಾಳೆಯೇ ಅಮ್ಮನ ತಿಥಿ. ಚಿತ್ರಗಳೆಲ್ಲ ಪ್ರೋಗ್ರಾಮಿನ ಪಟ್ಟಿಗೆ ಆಗಲೇ ಏರಿವೆ. ತೆಗೆಯಿರಿ."

"ಪಟ್ಟಿಯಲ್ಲಿ ಹೆಸರು ಇರಬಹುದು ಅಣ್ಣಾ, ಆದರೆ..."

"ತೆಗೆಯಿರಿ ಎಂದೆನಲ್ಲ."

ಅಂಗಡಿಯವನು ತೆಗೆದ. ತಟ್ಟೆಯ ಪಕ್ಕದಲ್ಲಿ ಕಾಸಿನಗಲದ ಸ್ಪೀಕರೊಂದು ಅಂಟಿಕೊಂಡಿತ್ತು. ಯಂತ್ರಕ್ಕೆ ಏನಾದರೂ ಸಿಗದಿದ್ದರೆ, ತಪ್ಪಾದರೆ, ಕೂಗಿ ಹೇಳುವುದು ಅದರ ಕೆಲಸ. ಅದೂ ಅಡ್ಡ ಬರುತ್ತಿತ್ತು. ತಿದ್ದುವವನು ಅದನ್ನೂ ತೆಗೆಸಿದ. ಕಾರ್ಡನ್ನು ಸಂದಿಗೆ ಹಿಡಿದು, ತನ್ನ ಎರಡು ಹೆಬ್ಬೆರಳುಗಳಿಂದ ತಾನೇ ಒತ್ತಿದ. ಟಕ್ ಎಂದಿತು. ಮುಚ್ಚಳ ಕೂದಲೆಳೆಯಷ್ಟೂ ಸಂದಿಲ್ಲದೆ ಮುಚ್ಚಿಕೊಂಡಿತು. ಪೆಟ್ಟಿಗೆ ಹೊರಗಿನಿಂದ ಮೊದಲಿನಂತೆಯೇ ಇತ್ತು.

ಡಿಸ್ಕನ್ನು ಒಂದು ವಸ್ತ್ರದಲ್ಲಿ ಸುತ್ತಿ ತನ್ನ ಅಂಗಡಿಯ ಗೂಡಿನಲ್ಲಿಟ್ಟ. ಕಂಪ್ಯೂಟರಿನ ಎದುರು ಕುಳಿತ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಸದ್ದಿರಲಿಲ್ಲ.

ಪಟ್ಟಿಯಲ್ಲಿ ತಾಯಿಯ ಹೆಸರನ್ನು ಒತ್ತಿದ. ಪ್ರೋಗ್ರಾಮ್ ಎರಡು ಪ್ರಶ್ನೆ ಕೇಳಿತು. ಗಂಡೋ ಹೆಣ್ಣೋ? ವಯಸ್ಸು ಎಷ್ಟು? ಹೆಣ್ಣು, ಇಪ್ಪತ್ತಾರು ಎಂದು ಬರೆದ. ಕಾರ್ಡಿನ ಫ್ಯಾನ್ ತಿರುಗಿತು. ಮಲಗಿದ್ದವರು ಮಗ್ಗುಲಾಗುವಾಗ ಎಳೆದುಕೊಳ್ಳುವ ಉಸಿರಿನಂತೆ ಆ ಸದ್ದು ಏರಿ ಇಳಿಯಿತು. ಪರದೆಯ ಮೇಲೆ ಮುಖ ಬಂತು.

ಅದು ಅವನನ್ನು ನೋಡುತ್ತಿತ್ತು. ಬಿಳಿಯ ಚುಕ್ಕೆ ಆಗಲೇ ಬಿದ್ದಿತ್ತು. ಅದನ್ನು ಅವನು ಇಟ್ಟಿರಲಿಲ್ಲ.

ಅವನು ಎದ್ದು ನಿಂತ. ಏಕೆ ನಿಂತನೆಂದು ಅವನಿಗೇ ತಿಳಿಯಲಿಲ್ಲ. "ಅಮ್ಮಾ" ಎಂದ. ಆ ಮಾತನ್ನು ಅದುವರೆಗೆ ಅವನು ಯಾರ ಮುಖ ನೋಡಿಯೂ ಹೇಳಿರಲಿಲ್ಲ.

ಮರುದಿನ ಚಿತ್ರಕ್ಕೆ ಕಟ್ಟು ಹಾಕಿ, ಹೂವು ಏರಿಸಿ, ದೊಡ್ಡಮ್ಮನನ್ನು ಕರೆತಂದು ಮುಂದೆ ನಿಲ್ಲಿಸಿದ.

"ಯಾರಪ್ಪಾ ಈಕೆ?" ಎಂದಳು ದೊಡ್ಡಮ್ಮ.

"ಅಮ್ಮ."

"ನಿಮ್ಮಮ್ಮನೇ? ಯಾರನ್ನಾದರೂ ನೋಡುವಾಗ ಅವಳ ಎಡಗಣ್ಣು ಒಂದಿಷ್ಟು ಕಿರಿದಾಗುತ್ತಿತ್ತು ಮಗಾ, ಸೂಜಿಗೆ ದಾರ ಪೋಣಿಸುವವರ ಹಾಗೆ. ಈಕೆ ಎಲ್ಲಿ ನಿಂತರೂ ನೋಡುತ್ತಾಳೆ. ನಿಂತದ್ದು ನಾನೋ ನೀನೋ ಈಕೆಗೆ ಗೊತ್ತೇ ಇಲ್ಲ. ಒರೆಸು."

"ಇದನ್ನು ಒರೆಸಲು ಬರುವುದಿಲ್ಲ, ದೊಡ್ಡಮ್ಮಾ."

"ಹಾಗಾದರೆ ಇಳಿಸು."

ಕಟ್ಟುಪಾಡಿನಂತೆ ಅವನು ಇಳಿಸಬೇಕಿತ್ತು. ಇಳಿಸಲಿಲ್ಲ. ಮುದುಕಿಗೆ ಮರೆವು ಎಂದುಕೊಂಡ.

ದೊಡ್ಡಮ್ಮ ದಿನವೂ ಆ ಚಿತ್ರದ ಕೆಳಗೇ ಊಟಕ್ಕೆ ಕೂರುತ್ತಿದ್ದಳು. ಮೊದಲ ವಾರ ಅದಕ್ಕೆ ಬೆನ್ನು ಹಾಕಿ ಕುಳಿತಳು. ಎರಡನೆಯ ವಾರ ಅಡ್ಡಲಾಗಿ ಕುಳಿತಳು. ಮೂರನೆಯ ವಾರ, "ಹಣೆ ಒಂದು ಥರಾ ಅವಳದೇ" ಎಂದಳು. ತಿಂಗಳು ತುಂಬುವ ಹೊತ್ತಿಗೆ ಚಿತ್ರದೊಡನೆ ಮಾತನಾಡುತ್ತಿದ್ದಳು.

ಇತ್ತ ತಿದ್ದುವವನು ಉಳಿದ ಹನ್ನೆರಡು ಹೆಸರುಗಳನ್ನೂ ಒತ್ತಿದ. ಗಂಡು, ಎಪ್ಪತ್ತು. ಹೆಣ್ಣು, ನಲವತ್ತು. ಗಂಡು, ಹತ್ತೊಂಬತ್ತು. ಒಂದೊಂದಕ್ಕೂ ಮುಖ ಬಂತು. ಮುದ್ರಿಸಿ, ಕಟ್ಟು ಹಾಕಿ, ಹನ್ನೆರಡು ಮನೆಗಳಿಗೂ ಮುಟ್ಟಿಸಿದ. ಹಿಂದೆ ಕೇಳಿ ಬರೆಯುತ್ತಿದ್ದವನು ಈಗ ಬರೆದು ಕೇಳುತ್ತಿದ್ದ. "ಹೌದಲ್ಲವೇ?" ಎಂದರೆ ಜನ ತುಸು ಹೊತ್ತು ನೋಡಿ "ಹೌದು" ಎನ್ನುತ್ತಿದ್ದರು. ಒಂದು ಮನೆಯ ಸೊಸೆಯಂತೂ, "ನಮ್ಮ ಮಾವ ಥೇಟ್ ಹೀಗೇ ನೋಡುತ್ತಿದ್ದರು" ಎಂದು ಕಣ್ಣೊರೆಸಿಕೊಂಡಳು. ಆಕೆ ಆ ಮನೆಗೆ ಕಾಲಿಟ್ಟದ್ದು ಮಾವ ತೀರಿಕೊಂಡ ಮೇಲೆ.

ಒಂದು ಮಧ್ಯಾಹ್ನ ಅವನು ಆ ಮನೆಗಳಿದ್ದ ಬೀದಿಯಲ್ಲಿ ನಡೆದು ಬರುತ್ತಿದ್ದ. ಸೆಖೆಗೆ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು. ಮೊದಲ ಮನೆಯ ಗೋಡೆಯಿಂದ ಒಬ್ಬ ಮುದುಕ ಅವನನ್ನು ನೋಡಿದ. ಮೂರನೆಯ ಮನೆಯಿಂದ ಒಬ್ಬ ಹೆಂಗಸು ನೋಡಿದಳು. ಐದನೆಯ ಮನೆಯಿಂದ, ಮೀಸೆ ಚಿಗುರುತ್ತಿದ್ದ ತರುಣನೊಬ್ಬ ನೋಡಿದ. ತಿದ್ದುವವನ ನಡಿಗೆ ನಿಧಾನವಾಯಿತು. ಮೂಗು ಬೇರೆ, ಬಣ್ಣ ಬೇರೆ, ವಯಸ್ಸು ಬೇರೆ. ನೋಡುತ್ತಿದ್ದ ಕಣ್ಣು ಒಂದೇ ಆಗಿತ್ತು. ಬೀದಿಯುದ್ದಕ್ಕೂ ಯಾರೋ ಒಬ್ಬರೇ ಒಂದು ಮನೆಯಿಂದ ಇನ್ನೊಂದು ಮನೆಗೆ ತನಗಿಂತ ಮುಂಚೆ ಹೋಗಿ ನಿಂತು ಕಾಯುತ್ತಿದ್ದಂತೆ ಅವನಿಗೆ ಅನ್ನಿಸಿತು. ಆ ಕಣ್ಣನ್ನು ಅವನು ಬಲ್ಲ. ಅದರ ಕೆಳಗೇ ಅವನು ದಿನವೂ ಉಣ್ಣುತ್ತಿದ್ದ.

ಅಂಗಡಿಗೆ ಓಡಿಬಂದ. ಹಳೆಯ ಚಿತ್ರಗಳನ್ನು ಮತ್ತೆ ನೋಡಬೇಕೆಂದು ಕಂಪ್ಯೂಟರಿನಲ್ಲಿ ಹುಡುಕಿದ. ಸಿಗಲಿಲ್ಲ. ತಲೆ ಎತ್ತಿದಾಗ ಗೂಡಿನಲ್ಲಿದ್ದ ವಸ್ತ್ರದ ಸುತ್ತು ಕಂಡಿತು. ಅದರ ಮೇಲೆ ತಿಂಗಳ ಧೂಳಿತ್ತು.

ಆಗ ಅವನಿಗೆ ತಿಳಿಯಿತು. ಮೊದಲ ಮುಖ ಬರುವ ಮುನ್ನವೇ ಡಿಸ್ಕ್ ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. ಪಟ್ಟಿಯಲ್ಲಿ ಹೆಸರುಗಳು ಮಾತ್ರ ಇದ್ದವು. ಚಿತ್ರ ಸಿಗಲಿಲ್ಲವೆಂದು ಯಂತ್ರ ಪ್ರತಿಸಲವೂ ಕೂಗಲು ಹೋಗಿರಬೇಕು. ಕೂಗುವ ಬಾಯಿಯನ್ನೂ ಅವನು ತೆಗೆಸಿದ್ದ. ಪ್ರೋಗ್ರಾಮಿಗೆ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ. ಬರಿಯ ಬೂದು ಹಾಳೆಯೊಂದನ್ನು ಎದುರಿಗೆ ಹಿಡಿದು, ಅದು ಅದರಲ್ಲೇ ಮುಖ ಹುಡುಕಿತ್ತು.

ನಂಬಲು ಮನಸ್ಸು ಬರಲಿಲ್ಲ. ಪಟ್ಟಿಯನ್ನೆಲ್ಲ ಅಳಿಸಿದ. ಹೆಸರು ಬರೆಯುವ ಕಡೆ ಏನನ್ನೂ ಬರೆಯಲಿಲ್ಲ. ಹೆಣ್ಣು, ಇಪ್ಪತ್ತಾರು ಎಂದಷ್ಟೇ ಒತ್ತಿದ. ಫ್ಯಾನ್ ಉಸಿರೆಳೆದುಕೊಂಡಿತು. ತಾಯಿ ಬಂದಳು. ಅದೇ ಹಣೆ, ಅದೇ ಕಣ್ಣು. ಈ ಸಲ ಅವನು ಎದ್ದು ನಿಲ್ಲಲಿಲ್ಲ.

ಇಲ್ಲಿ ಗುರುಗಳು ಕತೆ ನಿಲ್ಲಿಸಿದರು. ನಿರುಪಾಧಿಯ ಕೈ ಅವನಿಗೆ ಅರಿವಿಲ್ಲದೆ ಗಂಟಿನ ಮೇಲೆ ಹೋಗಿ ಕುಳಿತಿತ್ತು.

"ಆಮೇಲೆ?" ಎಂದ.

ಆಮೇಲೆ ಅವನು ಮುಚ್ಚಳ ಬಿಚ್ಚಿದ. ಎರಡು ತಿರುಪು ಕಳಚಿದ. ಕಾರ್ಡು ಸಲೀಸಾಗಿ ಕೈಗೆ ಬಂತು. ಅದಿನ್ನೂ ಬೆಚ್ಚಗಿತ್ತು. ತಟ್ಟೆಯನ್ನು ಮೊದಲಿನ ಕಡೆಗೇ ಕೂರಿಸಿದ, ಡಿಸ್ಕ್ ಜೋಡಿಸಿದ, ಸ್ಪೀಕರನ್ನು ಅಂಟಿಸಿದ. ಗುಂಡಿ ಒತ್ತಿದಾಗ ಸ್ಪೀಕರ್ ಒಮ್ಮೆ ಕೂಗಿತು. ಬಾಯಿಗೆ ಒತ್ತಿದ್ದ ಕೈಯನ್ನು ಯಾರೋ ತೆಗೆದಾಗ ಹೊರಡುವ ದನಿಯಂತಿತ್ತು ಅದು.

ತಾಯಿಯ ಹಳೆಯ ಫೋಟೊವನ್ನು ತೆರೆದ. ಬೆಳ್ಳನೆಯ ಮಚ್ಚೆ ಅಲ್ಲೇ ಇತ್ತು. ಗೆದ್ದಲಿನ ತೂತು ಅಲ್ಲೇ ಇತ್ತು. ಏನೂ ಕಳೆದಿರಲಿಲ್ಲ. ಅವನು ನಿಟ್ಟುಸಿರುಬಿಟ್ಟು ಮಚ್ಚೆಯನ್ನು ದಿಟ್ಟಿಸಿದ. ಮಚ್ಚೆಯೊಳಗಿನಿಂದ ಆ ಹೊಸ ಮುಖ ಅವನನ್ನು ನೋಡಿತು. ಕಣ್ಣುಜ್ಜಿಕೊಂಡು ನೋಡಿದ. ದೂರ ಸರಿದು ನೋಡಿದ. ಒಂಬತ್ತು ವರ್ಷ ಅವನು ನೋಡಿದ್ದ ಮಸುಕು ಅಲ್ಲಿರಲಿಲ್ಲ. ಆ ಮುಖವೇ ಇತ್ತು.

ಇನ್ನು ಉಳಿದವಳು ದೊಡ್ಡಮ್ಮ. ಮನೆಗೆ ಹೋಗಿ ಆಕೆಯ ಕಾಲ ಬಳಿ ಕುಳಿತ.

"ದೊಡ್ಡಮ್ಮಾ, ಅಮ್ಮನ ಎಡಗಣ್ಣು ಹೇಗಿತ್ತು? ಇನ್ನೊಮ್ಮೆ ಹೇಳು. ನಾನು ಬರೆಯುತ್ತೇನೆ."

ಆಕೆ ಅಚ್ಚರಿಯಿಂದ ಅವನ ಮುಖ ನೋಡಿದಳು. ಗೋಡೆಯ ಕಡೆ ಕೈ ತೋರಿಸಿದಳು.

"ಅಲ್ಲೇ ಇದೆಯಲ್ಲ ಮಗಾ. ನನ್ನನ್ನೇನು ಕೇಳುತ್ತೀಯ? ಹಾಗೇ ಇತ್ತು."

"ಸೂಜಿಗೆ ದಾರ ಪೋಣಿಸುವವರ ಹಾಗೆ ಕಿರಿದಾಗುತ್ತಿತ್ತು ಎಂದಿದ್ದೆಯಲ್ಲ?"

"ನಾನೇ? ಯಾವಾಗ?"

ಅವನು ಎದ್ದು ಹೋಗಿ ಚಿತ್ರವನ್ನು ಮೊಳೆಯಿಂದ ಇಳಿಸಿದ. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಎದ್ದುಬಂದಳು. ಬಂದು, ಎರಡೂ ಕೈಗಳಿಂದ ಕಟ್ಟನ್ನು ಹಿಡಿದುಕೊಂಡಳು.

"ಅವಳನ್ನು ಎಲ್ಲಿಗೆ ಒಯ್ಯುತ್ತೀ? ಒಂದು ಸಲ ಹೋದವಳು ಈಗ ತಾನೇ ಬಂದಿದ್ದಾಳೆ."

ಅವನು ಚಿತ್ರವನ್ನು ಮತ್ತೆ ಮೊಳೆಗೆ ಹಾಕಿದ. ಒಂಬತ್ತು ವರ್ಷದ ಹಾಳೆಯನ್ನು ಬಿಚ್ಚಿ ಎದುರಿಗಿಟ್ಟುಕೊಂಡ. ಹಣೆ, ಒಂದು ಕಿವಿ, ಎಡಗೆನ್ನೆಯ ಇಳಿಜಾರು. ಕುಂಚವನ್ನು ಅದ್ದಿದ. ಬರಿಯ ಜಾಗದ ಮೇಲೆ ಕೈ ತೂಗಿತು. ಕೈಗೆ ಗೊತ್ತಿದ್ದದ್ದು ಈಗ ಒಂದೇ ಮುಖ. ಕುಂಚದ ತುದಿಯಲ್ಲಿ ಬಣ್ಣ ಒಣಗುವವರೆಗೆ ಹಾಗೆಯೇ ಹಿಡಿದುಕೊಂಡಿದ್ದು, ಕೆಳಗಿಟ್ಟ. ಆ ಹಾಳೆ ಇಂದಿಗೂ ಅಷ್ಟರಲ್ಲೇ ನಿಂತಿದೆಯಂತೆ.

ಗುರುಗಳು ಕತೆ ಮುಗಿಸಿದರು. ಹೊಳೆಯ ಕಡೆಯಿಂದ ದೋಣಿಯವನು ಮೊದಲ ಕೂಗು ಹಾಕಿದ. ನಿರುಪಾಧಿ ಗಂಟನ್ನು ಎತ್ತಿಕೊಂಡ, ಆದರೆ ಏಳಲಿಲ್ಲ. ಅವನ ಮನಸ್ಸಿನಲ್ಲಿ ಏನೋ ಒಪ್ಪದೆ ನಿಂತಿತ್ತು.

"ಗುರುಗಳೇ, ಆ ತಿದ್ದುವವನು ಕೆಟ್ಟ, ಒಪ್ಪಿದೆ. ಆದರೆ ಮುದುಕಿಗೆ ಕೊನೆಗಾಲದಲ್ಲಿ ಒಂದು ಆಸರೆಯಾಯಿತಲ್ಲ. ಗೋಡೆಯ ಮೇಲಿನ ಆ ತಾಯಿ ಯಾರಿಗೆ ಏನು ಕೇಡು ಮಾಡಿದಳು? ಪಾಪ, ತನ್ನ ಪಾಡಿಗೆ ತಾನು ತುಟಿಯಂಚಿನಲ್ಲಿ ನಗುತ್ತಿದ್ದಾಳೆ, ಅಷ್ಟೇ ತಾನೇ?"

ಗುರುಗಳು ಅವನ ಕಣ್ಣುಗಳನ್ನೇ ನೋಡಿದರು.

"ಆಕೆ ನಗುತ್ತಿದ್ದಳೆಂದು ನಾನು ಹೇಳಲೇ ಇಲ್ಲವಲ್ಲ, ನಿರುಪಾಧಿ."